ಗೋಲ್‌ಕೀಪರನನ್ನು ಕೊಟ್ಟ ಮ್ಯಾನೇಜರ್

ನಮ್ಮ ಮ್ಯಾನೇಜರರ ಉತ್ತರಕ್ರಿಯೆಯ ಊಟ ಮಂಗಳೂರಿನ ಒಂದು ಹಾಲ್‌ನಲ್ಲಿತ್ತು. ಕತಾರಿನಲ್ಲಿ ಅವರ ಹಾಕಿ ಟೀಮಿನಲ್ಲಿದ್ದ ಕೆಲವರು ಒಂದೇ ಮೇಜಿಗೆ ಸೇರಿದ್ದೆವು. ಫೋಟೋಗೆ ಕೈಮುಗಿದು ಬಂದು ಕೂತದ್ದೇ ತಡ, ಅವರು ಮಾಡಿದ ಅತಿ ಕೆಟ್ಟ ವ್ಯಾಪಾರ ಯಾವುದು ಎಂಬ ವಾದ ಶುರುವಾಯಿತು. ವ್ಯಾಪಾರವೆಂದರೆ ಆಟಗಾರರದ್ದು. ಯಾರನ್ನು ಕೊಟ್ಟು ಯಾರನ್ನು ತಂದರು, ಊರಿನಿಂದ ವೀಸಾ ಕೊಟ್ಟು ಯಾರನ್ನು ಕರೆಸಿದರು ಎಂಬುದು. ಬದುಕಿದ್ದಾಗಲೂ ನಾವು ಈ ವಾದ ಮಾಡುತ್ತಿದ್ದೆವು, ಅವರ ಎದುರಿಗೇ. ಆಗ ಅವರು ಕಾಲಮೇಲೆ ಕಾಲು ಹಾಕಿ ಕೇಳಿಸಿಕೊಂಡು, "ಆಯ್ತು, ಮುಂದಿನ ಸಲ ನೀವೇ ಮ್ಯಾನೇಜರ್ ಆಗಿ, ಸ್ಟಿಕ್‌ಗಳ ಚೀಲ ಹೊರುವ ಕೆಲ್ಸವೂ ಅದ್ರೊಟ್ಟಿಗೆ ಬರ್ತದೆ" ಎನ್ನುತ್ತಿದ್ದರು.

ಮೇಜಿನ ಕೊನೆಯಲ್ಲಿ ಉಮರಬ್ಬ ಕೂತಿದ್ದರು. ನಮ್ಮ ಹಳೆಯ ಗೋಲ್‌ಕೀಪರ್. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಮ್ಯಾನೇಜರ್ ಮತ್ತು ಅವರು ಮಾತು ಬಿಟ್ಟು ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎಲೆಯ ಮೇಲೆ ಬಿದ್ದ ನೀರಿನ ಹನಿಗಳನ್ನು ಅಂಗೈಯಿಂದ ಒರೆಸುತ್ತ ವಾದ ಕೇಳುತ್ತಿದ್ದರು.

ನಾನು ಇತಿಹಾಸ ಓದಿದವನು, ಅದಕ್ಕೇ ಟೀಮಿನಲ್ಲಿ ಎಲ್ಲರಿಗೂ 'ಮಾಸ್ಟ್ರು'. ನೋಡಿದವನ ಸಾಕ್ಷಿಯನ್ನೂ ಪೂರ್ತಿ ನಂಬಬಾರದೆಂದು ಪಾಠ ಹೇಳಿಸಿಕೊಂಡವನು. ಆ ನೋಡಿದವನು ನಾನೇ ಆದಾಗ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ತೊಂಬತ್ತರ ದಶಕದಲ್ಲಿ ದೋಹಾದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತ ದಿನಾ ಡೈರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಹವೆ, ಊಟ, ಊರಿಗೆ ಮಾಡಿದ ಫೋನು, ಇಷ್ಟೇ ಇವೆ. ಮುಖ್ಯವಾದದ್ದೆಲ್ಲ ನೆನಪಿರುತ್ತದೆಂದು ಬರೆದಿಟ್ಟಿಲ್ಲ. ಹಾಗಾಗಿ ಇಲ್ಲಿ ಬರೆಯುವುದು, ಹಲವು ಸಲ ಹೇಳಿ ಹೇಳಿ ನನ್ನ ಬಾಯಲ್ಲೇ ನುಣುಪಾಗಿಬಿಟ್ಟಿರುವ ನೆನಪು.

ಮ್ಯಾನೇಜರ್ ಎಂಬುದು ಶುಕ್ರವಾರದ ಹೆಸರು. ಉಳಿದ ದಿನಗಳಲ್ಲಿ ಅವರು ಒಂದು ಕಟ್ಟಡ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಅವರನ್ನು ಯಾರೂ ಮ್ಯಾನೇಜರ್ ಎನ್ನುತ್ತಿರಲಿಲ್ಲ. ಗುಂಡಗಿನ ಆಳು, ವಿಪರೀತ ಬೆವರುವ ಮೈ, ಕುತ್ತಿಗೆಗೆ ಸದಾ ಒಂದು ಬಿಳಿ ಟವೆಲ್. ಹುಡುಗನಾಗಿದ್ದಾಗ ತಾವು ಹಾಕಿ ಆಡಿದ್ದಾಗಿ ಅವರು ಎಂದೂ ಹೇಳಿಕೊಳ್ಳಲಿಲ್ಲ. ಆಡಿರಲಿಲ್ಲವೋ, ಆಡಿ ಬಿಟ್ಟಿದ್ದರೋ, ನಾನು ಕೇಳಲಿಲ್ಲ. ಸ್ಟಿಕ್ ಕೈಗೆ ಬಂದರೆ ಮಾತ್ರ ಹಿಡಿಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಕೈ ಬೆವರಿದವನು ಆಡಿದ್ದಾನೆ, ಬೆವರದವನು ಫೋಟೋ ತೆಗೆಸಿದ್ದಾನೆ" ಎಂದಿದ್ದರು.

ದೋಹಾದ ಅಲ್ ಹಿಲಾಲ್‌ನಲ್ಲಿ ಒಂದು ಹಳೆಯ ವಿಲ್ಲಾದಲ್ಲಿ ನಾವು ಇದ್ದದ್ದು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟವರು, ಮದುವೆಯಾಗದವರು, ಎಲ್ಲ ಸೇರಿ. ಒಂದೇ ಮೆಸ್, ಒಂದೇ ಟೀಮ್. ಶುಕ್ರವಾರದ ಲೀಗ್‌ನಲ್ಲಿ ಎಲ್ಲ ಟೀಮುಗಳೂ ಹೀಗೆಯೇ. ಗರಾಫಾದ ವಿಲ್ಲಾದವರದ್ದೊಂದು, ವಕ್ರಾದವರದ್ದೊಂದು. ಯಾರ ಮೆಸ್ಸಿನಲ್ಲಿ ಉಣ್ಣುತ್ತಾನೋ ಅವರ ಕಡೆಯಿಂದ ಆಟ, ಇದು ಯಾರೂ ಬರೆಯದ ಕಾನೂನು. ಹಾಗಾಗಿ ಒಬ್ಬ ಆಟಗಾರನನ್ನು ಇನ್ನೊಂದು ಟೀಮಿಗೆ ಕೊಡುವುದೆಂದರೆ ಅವನು ಹಾಸಿಗೆ ಸುತ್ತಿಕೊಂಡು ಆ ವಿಲ್ಲಾಕ್ಕೆ ಹೋಗಬೇಕು, ಅಲ್ಲಿಯವನು ಅವನ ಮಂಚಕ್ಕೆ ಬರಬೇಕು. ಇದಕ್ಕೆ 'ಹಾಸಿಗೆ ಬದಲು' ಎಂದೇ ಹೆಸರು. ಬೇಸಿಗೆಯ ರಜೆ ಮುಗಿಸಿ ಎಲ್ಲರೂ ಊರಿನಿಂದ ಬಂದ ಮೇಲೆ, ಲೀಗ್ ಶುರುವಾಗುವ ಮೊದಲು, ಮ್ಯಾನೇಜರುಗಳು ಯಾವುದಾದರೂ ಕೆಫೆಟೇರಿಯಾದಲ್ಲಿ ಕೂತು ಒಂದು ಸುಲೈಮಾನಿ ಚಾ ಕುಡಿಯುವಷ್ಟರಲ್ಲಿ ಇದನ್ನು ಮುಗಿಸುತ್ತಿದ್ದರು.

ಅವರ ಕೆಟ್ಟ ವ್ಯಾಪಾರಗಳಲ್ಲಿ ನಮ್ಮ ಮೇಜಿನಲ್ಲಿ ಮೊದಲು ಬಂದದ್ದು ನೀರಿನ ಟ್ಯಾಂಕರ್. ನಾವು ಆಡುತ್ತಿದ್ದುದು ಏರ್‌ಪೋರ್ಟ್ ಕಡೆಯ ಒಂದು ಖಾಲಿ ಜಾಗದಲ್ಲಿ. ಕಟ್ಟಡದ ಅಟ್ಟಣಿಗೆಯ ಪೈಪುಗಳಿಂದ ಮಾಡಿದ ಗೋಲುಕಂಬ, ಸುಣ್ಣದ ಗೆರೆ. ಗಾಳಿ ಎದ್ದರೆ ಗೆರೆಯೂ ಹೋಗುತ್ತಿತ್ತು, ಚೆಂಡೂ ಕಾಣುತ್ತಿರಲಿಲ್ಲ. ವಕ್ರಾದ ಮ್ಯಾನೇಜರ್ ನೀರಿನ ಟ್ಯಾಂಕರ್ ಕಂಪನಿಯಲ್ಲಿದ್ದವನು. ಧೂಳು ಕೂರಲು ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಟ್ಯಾಂಕರ್ ನೀರು ಹೊಡೆಸುತ್ತೇನೆಂದು ಹೇಳಿ ನಮ್ಮ ರೈಟ್ ಹಾಫ್‌ನನ್ನು ಕೇಳಿದ. ನಮ್ಮವರು ಕೊಟ್ಟರು. ಟ್ಯಾಂಕರ್ ಎರಡು ವಾರ ಬಂತು. ಮೂರನೆಯ ವಾರದಿಂದ ನೀರೂ ಇಲ್ಲ, ರೈಟ್ ಹಾಫೂ ಇಲ್ಲ.

"ಆಟಗಾರನನ್ನು ಕೊಟ್ಟು ನೀರು ತಂದವರು ಲೋಕದಲ್ಲಿ ಬೇರೆ ಯಾರೂ ಇರ್ಲಿಕ್ಕಿಲ್ಲ" ಎಂದು ಯಾರೋ ಅಂದರು.

"ಅದೆಲ್ಲ ಏನೂ ಅಲ್ಲ. ಫಸ್ಟ್ ಪ್ರೈಜ್ ನಂದೇ. ಬೇರೆಯವರು ಕೈ ಹಾಕ್ಬೇಡಿ" ಎಂದ ಎಂಟು ನಂಬರ್.

ಅದೂ ನಿಜವೇ. ಅವನು ಕೊಡಗಿನವನು. ಒಂದು ವರ್ಷ ಮ್ಯಾನೇಜರರಿಗೆ ಊರಿನಿಂದ ಯಾರೋ ಕೊಡಗಿನ ಒಂದು ಮ್ಯಾಚಿನ ವಿಡಿಯೋ ಕ್ಯಾಸೆಟ್ ಕಳಿಸಿಕೊಟ್ಟರು. ಅದರಲ್ಲಿ ಎಂಟು ನಂಬರಿನ ಬನಿಯನ್ ತೊಟ್ಟ ಒಬ್ಬ ಎತ್ತರದ ಹುಡುಗ, ಮೂರು ಜನರ ನಡುವೆ ಚೆಂಡನ್ನು ನೂಲಿನಲ್ಲಿ ಕಟ್ಟಿಕೊಂಡವನ ಹಾಗೆ ಎಳೆದುಕೊಂಡು ಹೋಗಿ ಗೋಲು ಹೊಡೆಯುತ್ತಿದ್ದ. ಮ್ಯಾನೇಜರ್ ಆ ಭಾಗವನ್ನು ಹಿಂದೆ ಮುಂದೆ ಓಡಿಸಿ ನೋಡಿ ಕ್ಯಾಸೆಟ್ಟನ್ನೇ ಸವೆಸಿದರು. ತಮ್ಮ ಅರಬಿ ಯಜಮಾನನ ಹಿಂದೆ ಬಿದ್ದು ಡ್ರೈವರ್ ಕೆಲಸದ ವೀಸಾ ತೆಗೆಸಿದರು. 'ಎಂಟು ನಂಬರಿನ ಎತ್ತರದವನು' ಎಂದು ಊರಿಗೆ ಹೇಳಿ ಕಳಿಸಿದರು. ಎಂಟು ನಂಬರಿನ ಎತ್ತರದವನು ಬಂದ. ಮೊದಲ ಶುಕ್ರವಾರ ನೆಟ್ಟಗೆ ಬಂದ ಚೆಂಡನ್ನೂ ನಿಲ್ಲಿಸಲು ಅವನಿಗೆ ಆಗಲಿಲ್ಲ. ವಿಚಾರಿಸಿದರೆ, ಆ ದಿನ ತಮ್ಮನ ಬನಿಯನ್ ಹರಿದು, ಆಟದ ನಡುವೆ, ಲೆಕ್ಕ ತುಂಬಿಸಲು ಬೆಂಚಿನಲ್ಲಿ ಕೂತಿದ್ದ ಅಣ್ಣನದನ್ನು ಹಾಕಿಕೊಂಡಿದ್ದನಂತೆ. ಕ್ಯಾಸೆಟ್ಟಿನಲ್ಲಿದ್ದದ್ದು ತಮ್ಮ, ಬಂದದ್ದು ಅಣ್ಣ.

"ನಾನು ಬಂದ ದಿವ್ಸವೇ ಹೇಳಿದ್ದೆ, ಸಾರ್, ನನಗೆ ಹಾಕಿ ಬರೋದಿಲ್ಲ, ಗಾಡಿ ಬರ್ತದೆ ಅಂತ. ವಿನಯ ಅಂತ ತಿಳ್ಕೊಂಡ್ರು" ಎಂದು ಎಂಟು ನಂಬರ್ ಹೇಳಿದಾಗ ಇಡೀ ಮೇಜು ನಕ್ಕಿತು. ಪಕ್ಕದ ಮೇಜಿನ ಹೆಂಗಸರು ತಿರುಗಿ ನೋಡಿದರು. ಉಮರಬ್ಬರೂ ನಕ್ಕರು.

ಮ್ಯಾನೇಜರ್ ಅವನನ್ನು ವಾಪಸ್ ಕಳಿಸಲಿಲ್ಲ. ಮುಂದೆ ಅವನು ಆ ಕಂಪನಿಯಲ್ಲೇ ಬೆಳೆದು, ಮೊನ್ನೆ ಮೊನ್ನೆ ನಿವೃತ್ತನಾದ. ಬಂದ ಹೊಸತರಲ್ಲಿ ಮಾತ್ರ ಅವನಿಗೆ ಹಾಕಿ ತಂಡದಲ್ಲಿ ಜಾಗವಿಲ್ಲವೆಂದು ಹೇಳಬೇಕಿತ್ತಲ್ಲ, ಅದನ್ನು ಹೇಳಲು ಅವರು ಪಟ್ಟ ಪಾಡು ನೋಡಬೇಕಿತ್ತು. ಮೂರು ದಿನ ಅವನಿಗೆ ಒಳ್ಳೊಳ್ಳೆಯದನ್ನು ಉಣ್ಣಿಸಿದರು. ಅವರದ್ದೊಂದು ಪದ್ಧತಿಯಿತ್ತು. ಯಾರಿಗೆ ಏನು ಕಹಿ ಹೇಳುವುದಿದ್ದರೂ ಊಟದ ನಂತರ. "ಮೊದ್ಲು ಉಣ್ಲಿ ಮಾರಾಯ, ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಅರ್ಧ ಸಿಟ್ಟು ಬರುವುದಿಲ್ಲ." ನಮಗೆಲ್ಲ ಇದು ಎಷ್ಟು ಗೊತ್ತಿತ್ತೆಂದರೆ, ಅವರು ತಟ್ಟೆಗೆ ಇನ್ನೊಂದು ಮೀನು ಹಾಕಿದರೆ ಭಯವಾಗುತ್ತಿತ್ತು. ಆಗ ಅದನ್ನು ಮೃದು ಮನಸ್ಸು ಎಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಕೆಫೆಟೇರಿಯಾದಲ್ಲಿ ಒಬ್ಬ ಮನುಷ್ಯನನ್ನು ಕೊಟ್ಟುಬಿಡಲು ಬೇಕಾದ ಧೈರ್ಯ ಅವರಲ್ಲಿತ್ತು, ಆ ಮನುಷ್ಯನ ಮುಖ ನೋಡಿ ಹೇಳಲು ಬೇಕಾದದ್ದು ಇರಲಿಲ್ಲ.

ಉಮರಬ್ಬ ಮ್ಯಾನೇಜರರ ರೂಮ್‌ಮೇಟ್. ಉಪ್ಪಿನಂಗಡಿಯ ಕಡೆಯವರು, ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ನಾವು ಚಿಕ್ಕವರೆಲ್ಲ ಉಮರಾಕ ಎನ್ನುತ್ತಿದ್ದೆವು. ಮ್ಯಾನೇಜರರನ್ನು ಅವರು 'ಧಣಿಗಳು' ಎಂದು ಕರೆಯುತ್ತಿದ್ದುದು ಬರೀ ಕಾಲೆಳೆಯಲು. ಇವರು ಅವರನ್ನು 'ಬ್ಯಾರಿಗಳು' ಎನ್ನುತ್ತಿದ್ದರು. ತಮ್ಮ ರೂಮಿನ ಕಿಟಕಿಯಲ್ಲಿದ್ದ ಎಸಿಯ ಬಗ್ಗೆ ಇಬ್ಬರಿಗೂ ದಿನಾ ಜಗಳ. ಮ್ಯಾನೇಜರರಿಗೆ ಸೆಕೆ ಒಂದು ಗಳಿಗೆಯೂ ತಡೆಯಲಾಗದು. ಪೂರ್ತಿ ತಿರುಗಿಸಿಡುತ್ತಿದ್ದರು. ಉಮರಾಕನಿಗೆ ಚಳಿ.

"ಧಣಿಗಳೇ, ಇದೆಂತ ಮೀನಿನ ಐಸ್ ಪೆಟ್ಟಿಗೆಯಾ? ನನ್ನನ್ನು ಬೆಳಿಗ್ಗೆ ಮಾರ್ಕೆಟ್ಟಿಗೆ ಹಾಕುವ ಅಂದಾಜುಂಟಾ?"

"ಬ್ಯಾರಿಗಳೇ, ನಿಮ್ಮನ್ನು ತಗೊಳ್ಳುವವರಿದ್ರೆ ಯಾವತ್ತೋ ಮಾರ್ತಿದ್ದೆ. ಕಂಬಳಿ ಹೊದ್ದು ಮಲಗಿ."

ಈ ಮಾತು ಅವರು ಆಡಿದ್ದು ನಿಜವೋ, ಮುಂದೆ ಆದದ್ದಕ್ಕೆ ಸರಿಹೊಂದಲೆಂದು ನನ್ನ ನೆನಪು ಸೇರಿಸಿದ್ದೋ, ಪ್ರಮಾಣ ಮಾಡಿ ಹೇಳಲಾರೆ. ಗೋಡೆಯಾಚೆಯ ರೂಮಿನಲ್ಲಿದ್ದ ನನಗೆ ಅವರ ಜಗಳವಂತೂ ದಿನಾ ಕೇಳುತ್ತಿತ್ತು. ಆ ಜಗಳ ಕೇಳದೆ ನಿದ್ದೆ ಬರುತ್ತಿರಲಿಲ್ಲ ಎಂಬುದೂ ನಿಜ.

ಆ ಸಲ ಬೇಸಿಗೆ ರಜೆಯ ನಂತರ ಗರಾಫಾದವರಿಗೆ ಗೋಲ್‌ಕೀಪರ್ ಬೇಕಾಗಿದ್ದ. ಅವರ ಹತ್ತಿರ ತಮಿಳುನಾಡಿನ ಸೆಲ್ವಂ ಎಂಬ ಲೆಫ್ಟ್ ಇನ್ ಇದ್ದ. ಅವನ ಸ್ಟಿಕ್ಕಿಗೆ ಚೆಂಡು ಸಾಕಿದ ನಾಯಿಯ ಹಾಗೆ. ನಮ್ಮ ಟೀಮು ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಉಮರಾಕನಿಗೆ ವಯಸ್ಸಾಗುತ್ತಿತ್ತು, ಎಡಗಡೆ ಬಿದ್ದರೆ ಏಳುವುದು ನಿಧಾನವಾಗುತ್ತಿತ್ತು. ಇಷ್ಟನ್ನು ನಾವೆಲ್ಲ ನೋಡಿದ್ದೆವು. ಒಂದು ಬುಧವಾರ ಮ್ಯಾನೇಜರ್ ಕೆಫೆಟೇರಿಯಾಕ್ಕೆ ಹೋದರು. ಬರುವಾಗ ವ್ಯಾಪಾರ ಮುಗಿದಿತ್ತು. ರೂಮಿನ ಹೊರಗೆ ನನಗೆ ಮಾತ್ರ ಹೇಳಿದರು. ಉಮರಾಕನಿಗೆ ಹೇಳಿದಿರಾ ಎಂದು ಕೇಳಿದೆ.

"ಶುಕ್ರವಾರ ಬ್ಯಾರಿಗಳದ್ದೇ ಅಡಿಗೆ. ಉಂಡ ಮೇಲೆ ಹೇಳ್ತೇನೆ. ನನ್ನ ಮೇಲೆ ಬಿಡಿ ಮಾಸ್ಟ್ರೇ."

ಶುಕ್ರವಾರ ಉಮರಾಕ ಜುಮ್ಮಾ ನಮಾಜು ಮುಗಿಸಿ ಬಂದು ಅಡಿಗೆಗೆ ನಿಂತರು. ಅಂಜಲ್ ಮೀನಿನ ಗಸಿ. ಅವರ ಕೈಯ ಗಸಿಗೆ ಬೇರೆ ವಿಲ್ಲಾದವರೂ ನೆವ ಮಾಡಿಕೊಂಡು ಬರುತ್ತಿದ್ದರು. ಮ್ಯಾನೇಜರ್ ಅಡಿಗೆಮನೆಯಲ್ಲೇ ಸುಳಿದಾಡುತ್ತ, ಕೇಳದೆಯೂ ಈರುಳ್ಳಿ ಹೆಚ್ಚಿಕೊಡುತ್ತ ಇದ್ದರು. ಅನ್ನ ಇನ್ನೂ ಬಸಿದಿರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಸೆಲ್ವಂ ನಿಂತಿದ್ದ, ಬಗಲಲ್ಲಿ ಸುತ್ತಿದ ಹಾಸಿಗೆ. ಸಂಜೆ ಬರಬೇಕಾದವನು ಯಾರದ್ದೋ ಗಾಡಿ ಸಿಕ್ಕಿತೆಂದು ಮಧ್ಯಾಹ್ನವೇ ಬಂದಿದ್ದ. ಬಾಗಿಲು ತೆರೆದವರು ಉಮರಾಕ. ಕೈಯಲ್ಲಿ ಸೌಟು.

ಸೆಲ್ವಂ ನಕ್ಕು ಹಿಂದಿಯಲ್ಲಿ ಕೇಳಿದ, "ಭಾಯ್, ಗೋಲ್‌ಕೀಪರ್‌ಕಾ ಪಲಂಗ್ ಕೌನ್‌ಸಾ?"

ಉಮರಾಕ ಅವನ ಹಾಸಿಗೆ ನೋಡಿದರು. ತಿರುಗಿ ಮ್ಯಾನೇಜರರನ್ನು ನೋಡಿದರು. ಮ್ಯಾನೇಜರ್ ಕೈಯಲ್ಲಿದ್ದ ಅರ್ಧ ಈರುಳ್ಳಿಯನ್ನು ಹಿಡಿದುಕೊಂಡು, "ಉಂಡ ಮೇಲೆ ಹೇಳುವಾಂತ ಇದ್ದೆ" ಎಂದರು. ಹಾಗೆಂದರೆಂದು ನನ್ನ ನೆನಪು.

"ಬಾ, ಒಳಗೆ ಬಾ" ಎಂದು ಉಮರಾಕ ಸೆಲ್ವಂನನ್ನು ಕರೆದು, ಮಂಚ ತೋರಿಸಿದರು. ಆಮೇಲೆ ಅನ್ನ ಬಸಿದರು. ಎಲ್ಲರಿಗೂ ಬಡಿಸಿದರು, ಸೆಲ್ವಂಗೆ ಮೊದಲು, ತಲೆಯ ತುಂಡು. ಮ್ಯಾನೇಜರರಿಗೂ ಬಡಿಸಿದರು. ತಾವು ಕೂರಲಿಲ್ಲ. ನಾವು ಉಂಡು ಕೈ ತೊಳೆಯುವಾಗ ಅವರ ಹಾಸಿಗೆ ಸುತ್ತಿ ಆಗಿತ್ತು. ಮ್ಯಾನೇಜರ್ ಪಿಕಪ್ಪಿನ ಬೀಗದ ಕೈ ತೆಗೆದರು. "ಬೇಡ ಧಣಿಗಳೇ. ಟ್ಯಾಕ್ಸಿ ಉಂಟು" ಎಂದು ಉಮರಾಕ ಹೊರಟರು. ನಾನು ಕೇಳಿದ ಹಾಗೆ ಅವರಿಬ್ಬರ ನಡುವಿನ ಕೊನೆಯ ಮಾತು ಅದು.

ಆ ವರ್ಷ ಸೆಲ್ವಂ ಹೊಡೆದ ಗೋಲುಗಳನ್ನು ನಾನು ಲೆಕ್ಕ ಇಡುವುದನ್ನೇ ಬಿಟ್ಟೆ. ಒಂದು ಗರಾಫಾದ ಮೇಲೆಯೂ ಹೊಡೆದ, ಉಮರಾಕನ ಎಡಗಡೆಯಿಂದ. ಆ ಆಟದಲ್ಲಿ ಮ್ಯಾನೇಜರ್ ನಮ್ಮ ಕಡೆ ನಿಲ್ಲಲಿಲ್ಲ. ಟವೆಲ್ ತಲೆಗೆ ಹಾಕಿಕೊಂಡು ಗರಾಫಾದ ಗೋಲಿನ ಹಿಂದೆ ಹೋಗಿ ನಿಂತಿದ್ದರು. ಉಮರಾಕ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಗೋಲಾದಾಗ ನಾವು ಕುಣಿದೆವು. ಮ್ಯಾನೇಜರ್ ಬಗ್ಗಿ ಚೆಂಡು ಎತ್ತಿ, ಅಂಟಿದ ಸುಣ್ಣವನ್ನು ಟವೆಲಿನಿಂದ ಒರೆಸಿ ಉಮರಾಕನ ಪಕ್ಕಕ್ಕೆ ಉರುಳಿಸಿದರು.

ಮೇ ತಿಂಗಳಲ್ಲಿ ನಾವು ಕಪ್ ಗೆದ್ದೆವು. ಅದೊಂದೇ ಕಪ್. ನನ್ನ ಡೈರಿಯಲ್ಲಿ ಆ ದಿನಕ್ಕೆ, 'ಗೆದ್ದೆವು. ವಿಪರೀತ ಸೆಕೆ' ಎಂದಷ್ಟೇ ಇದೆ. ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಉಳಿದವರು ಬಿರಿಯಾನಿಗೆ ಹೋದರು. ಮ್ಯಾನೇಜರ್ ನನ್ನನ್ನು ಪಿಕಪ್ಪಿಗೆ ಹತ್ತಿಸಿಕೊಂಡು, ಕಪ್ಪನ್ನು ನನ್ನ ಮಡಿಲಲ್ಲಿಟ್ಟು, ಗರಾಫಾದ ಕಡೆ ತಿರುಗಿಸಿದರು. ಆ ವಿಲ್ಲಾದ ಗೇಟಿನ ಎದುರು ನಿಲ್ಲಿಸಿದರು. ಅಡಿಗೆಮನೆಯ ಕಿಟಕಿಯಲ್ಲಿ ಬೆಳಕಿತ್ತು. ಯಾರೋ ಓಡಾಡುವ ನೆರಳು.

"ಇಳಿಯುವ" ಎಂದೆ.

"ಇರಿ ಮಾಸ್ಟ್ರೇ. ಅವರದ್ದು ಊಟ ಆಗ್ಲಿ."

ಕೂತೆವು. ತುಂಬ ಹೊತ್ತು ಎಂದು ನನ್ನ ನೆನಪು. ಆಮೇಲೆ ಅವರು, "ಕಪ್ ಹಿಡ್ಕೊಂಡು ಹೋದ್ರೆ ತೋರಿಸ್ಲಿಕ್ಕೆ ಬಂದ ಹಾಗೆ ಆಗ್ತದೆ. ಬರಿಗೈಯಲ್ಲಿ ಬರ್ಬೇಕಿತ್ತು" ಎಂದು ಗಾಡಿ ತಿರುಗಿಸಿದರು. ಬರಿಗೈಯಲ್ಲಿ ಹೋದರೋ ಇಲ್ಲವೋ ತಿಳಿಯದು. ಬೇಸಿಗೆ ಕಳೆಯುವಷ್ಟರಲ್ಲಿ ಉಮರಾಕ ಸೌದಿಗೆ ಕೆಲಸ ಹಿಡಿದು ಹೋಗಿಯಾಗಿತ್ತು. ಮುಂದಿನ ಲೀಗ್‌ಗೆ ಮ್ಯಾನೇಜರ್ ಯಾರನ್ನೂ ಬದಲು ಮಾಡಲಿಲ್ಲ. ಕೆಫೆಟೇರಿಯಾಕ್ಕೆ ಕರೆದವರಿಗೆ, "ಮಾಫಿ, ಇನ್ನು ಹಾಸಿಗೆ ಬದಲು ಮಾಫಿ" ಎಂದು, ಇನ್ನಿಲ್ಲವೆಂಬುದನ್ನು ಅರಬಿಯಲ್ಲೇ ಹೇಳಿಬಿಟ್ಟರು.

ಮುಂದೆ ನಾನೂ ಮ್ಯಾನೇಜರೂ ಊರಿಗೆ ಬಂದ ಮೇಲೆ ಒಮ್ಮೆ ಮಂಗಳೂರಿನ ಒಂದು ಹೋಟೆಲಿನಲ್ಲಿ ನಾನು ಮ್ಯಾನೇಜರರನ್ನು ಚೇಷ್ಟೆಗೆ ಕೇಳಿದ್ದೆ, ನಿಮ್ಮ ಲೆಕ್ಕದಲ್ಲಿ ಅತಿ ಕೆಟ್ಟದ್ದು ಯಾವುದು, ಟ್ಯಾಂಕರಾ, ಎಂಟು ನಂಬರಾ? ಅವರು ಬನ್ಸ್ ಮುರಿಯುತ್ತ, "ಕಪ್ ತಂದ್ಕೊಟ್ಟದ್ದು" ಎಂದು, ಕೂಡಲೇ ಮಾಣಿಯನ್ನು ಕರೆದು ಇನ್ನೊಂದು ಚಟ್ನಿ ಕೇಳಿದರು.

ಈಗ ಮೇಜಿನಲ್ಲಿ ವಾದ ಮುಗಿಯುವ ಹಾಗಿರಲಿಲ್ಲ. ಯಾರ ಬಾಯಲ್ಲೂ ಸೆಲ್ವಂನ ಹೆಸರು ಬರಲಿಲ್ಲ. ಯಾಕೆ ಬರಬೇಕು? ಕಪ್ ಗೆದ್ದುಕೊಟ್ಟ ವ್ಯಾಪಾರ. ಎಂಟು ನಂಬರ್ ಉಮರಬ್ಬರ ಕಡೆ ತಿರುಗಿ, "ನೀವು ಹಿರಿಯರು, ತೀರ್ಪು ಕೊಡಿ. ನಾನಾ, ಟ್ಯಾಂಕರಾ?" ಎಂದ.

"ನೀನೇ. ಟ್ಯಾಂಕರ್ ಎರಡು ವಾರವಾದ್ರೂ ಕೆಲ್ಸ ಮಾಡಿತ್ತು" ಎಂದರು ಉಮರಬ್ಬ. ಮತ್ತೆ ನಗು.

ಊಟವಾಗಿ ಎಲ್ಲರೂ ಎದ್ದ ಮೇಲೆ ನಾನು ಅವರ ಪಕ್ಕ ಹೋಗಿ ಕೂತೆ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದೆ. ಕಪ್ ಗೆದ್ದ ದಿನ ಅವರು ನಿಮ್ಮ ಗೇಟಿನವರೆಗೆ ಬಂದಿದ್ದರು ಉಮರಾಕ, ನಾನು ಜೊತೆಗಿದ್ದೆ. ಗಾಡಿ ಬಂದ್ ಮಾಡಿ ತುಂಬ ಹೊತ್ತು ಕೂತಿದ್ದೆವು.

"ಗೊತ್ತು" ಎಂದರು. "ಅಡಿಗೆಮನೆಯಿಂದ ನೋಡ್ತಾ ಇದ್ದೆ. ಒಳಗೆ ಬಂದ್ರೆ ಮೊದ್ಲು ಉಣ್ಣಿ ಅಂತ ಹೇಳುವಾಂತ ಇದ್ದೆ. ಎರಡು ತಟ್ಟೆ ತೊಳ್ದು ಇಟ್ಟಿದ್ದೆ. ಆದ್ರೆ ಗಾಡಿ ಬಂದ್ ಮಾಡ್ಲಿಲ್ಲ ಮಾಸ್ಟ್ರೇ. ಇಂಜಿನ್ ಓಡ್ತಾನೇ ಇತ್ತು. ಬಂದ್ ಆಗಿದ್ರೆ ನಾನೇ ಬಾಗಿಲು ತೆಗೀತಿದ್ದೆ. ಇಂಜಿನ್ ಬಂದ್ ಮಾಡದವರು ಇಳೀಲಿಕ್ಕೆ ಬಂದವರಲ್ಲ. ಯಾರಿಗೋ ನನ್ನ ಮನೆ ತೋರಿಸಿ ಹೋಗ್ಲಿಕ್ಕೆ ಬಂದದ್ದು ಅಂತ ತಿಳ್ಕೊಂಡೆ."

ಅಲ್ಲ, ಬಂದ್ ಮಾಡಿದ್ದರು ಎನ್ನಲು ಬಾಯಿ ತೆರೆದೆ. ನನ್ನ ಕಥೆಯಲ್ಲಿ ಯಾವಾಗಲೂ ಆ ಗಾಡಿ ನಿಶ್ಶಬ್ದವಾಗಿಯೇ ನಿಂತಿರುತ್ತದೆ. ಆದರೆ ಇನ್ನೊಂದು ನೆನಪಾಯಿತು. ಮಡಿಲಲ್ಲಿದ್ದ ಕಪ್ ತಣ್ಣಗಾಗಿ, ಅದರ ಹೊರಮೈ ನನ್ನ ಪ್ಯಾಂಟಿನ ಮೇಲೆ ಹಿಮದ ಹಾಗೆ ಕೊರೆಯುತ್ತಿದ್ದದ್ದು. ಮೇ ತಿಂಗಳ ದೋಹಾದಲ್ಲಿ, ನಿಲ್ಲಿಸಿದ ಗಾಡಿಯೊಳಗೆ.

"ಎಸಿ" ಎಂದೆ. "ಎಸಿಗೋಸ್ಕರ ಇಂಜಿನ್ ಓಡಿಸಿ ಇಟ್ಟಿದ್ರು ಉಮರಾಕ. ಇಳಿಯುವುದಕ್ಕೇ ಬಂದದ್ದು."

 ಹಾಲ್‌ನ ಹುಡುಗರು ಮೇಜಿನ ಕಾಗದ ಸುತ್ತುತ್ತ ನಮ್ಮ ಹತ್ತಿರ ಬಂದರು. ಉಮರಬ್ಬ ಕೈಯೆತ್ತಿ ಕೊಟ್ಟರು, ಕಾಗದ ಎಳೆದುಕೊಳ್ಳಲಿ ಎಂದು.

"ಹೌದು" ಎಂದರು ಕೊನೆಗೆ. "ಆ ಮನುಷ್ಯನಿಗೆ ಸೆಕೆ ತಡೀಲಿಕ್ಕೆ ಆಗ್ತಿರ್ಲಿಲ್ಲ. ನನಗಾದ್ರೂ ಅದು ನೆನಪಾಗ್ಬೇಕಿತ್ತು."